ಗೆರೆ ದಾಟದ ಬಣ್ಣ

ದಿಗ್ಗೇವಾಡಿ
14 ಜುಲೈ 2025

ಮಗಳು ಬ್ರಾಹ್ಮಿಗೆ ಅವ್ವನ ಆಶೀರ್ವಾದ. ಜಯ ಜಿನೇಂದ್ರ.

ಫೋನು ತ್ಯಾಗ ಮಾಡಿದ್ದೀಯಂತೆ. ಅಥಣಿಗೆ ಹೋಗಿ ನಿನ್ನನ್ನು ಕಂಡು ಬಂದ ನಿಮ್ಮಪ್ಪ ಹೇಳಿದರು. ಇನ್ನು ಕಾಗದವೇ ಗತಿ, ಅದನ್ನೂ ಮಾತಾಜಿಯವರ ಸಂಘದಲ್ಲಿ ಎಲ್ಲರ ಮುಂದೆ ಓದುತ್ತಾರೆ, ಆದ್ದರಿಂದ ನೆಟ್ಟಗೆ ಬರಿ ಎಂದು ನನಗೆ ತಾಕೀತು ಮಾಡಿದ್ದಾರೆ. ಅದಕ್ಕೇ ಪುಸ್ತಕದ ಕನ್ನಡ ಹಿಡಿದು ಕೂತಿದ್ದೇನೆ. ನಗಬೇಡ. ನಾನೂ ನಿಪ್ಪಾಣಿಯಲ್ಲಿ ಹತ್ತನೆಯ ಇಯತ್ತೆ ಪಾಸಾದವಳು, ಡ್ರಾಯಿಂಗ್ ಲೋವರ್ ಪರೀಕ್ಷೆಗೆ ಕೂತವಳು.

ಜೊತೆಗೆ ಒಂದು ದಾಸವಾಳ ಬರೆದು ಇಟ್ಟಿದ್ದೇನೆ. ಸಣ್ಣವಳಿದ್ದಾಗ ಮೈಮೇಲೆ ಗೋವರ ಎದ್ದು ನೀನು ಹಾಸಿಗೆ ಬಿಟ್ಟು ಏಳದೆ ಅಳುತ್ತಿದ್ದೆಯಲ್ಲ, ಅಂದಿನಿಂದ ನಡೆದುಬಂದ ಪದ್ಧತಿ ನಮ್ಮದು. ಶಾಯಿಯ ಗೆರೆ ನನ್ನದು, ನೀರಿನ ಬಣ್ಣ ನಿನ್ನದು. ನಾನು ಒಂದು ದಿನವೂ ಬಣ್ಣ ಮುಟ್ಟಲಿಲ್ಲ, ನೀನು ಒಂದು ದಿನವೂ ಗೆರೆ ಎಳೆಯಲಿಲ್ಲ. ಶಾಯಿ ಒಣಗುವ ತನಕ ತಡಿಯೇ, ಗೆರೆ ದಾಟಬೇಡವೇ ಎಂದು ಬಾಯಿ ಬಡಿದುಕೊಂಡದ್ದೇ ಬಂತು, ನೀನು ಯಾವಾಗ ಕೇಳಿದ್ದೀ? ನಿನ್ನ ಕೆಂಪು ಎಸಳು ಬಿಟ್ಟು ಎಲೆಗೆ ಹೋಗುತ್ತಿತ್ತು, ಎಲೆ ಬಿಟ್ಟು ಹೊದಿಕೆಗೆ ಹೋಗುತ್ತಿತ್ತು. ಆ ಹೊದಿಕೆ ಇನ್ನೂ ಇದೆ.

ಈ ಚಾತುರ್ಮಾಸ ಮುಗಿದ ಮೇಲೆ ನಿನಗೆ ಆರ್ಯಿಕಾ ದೀಕ್ಷೆ. ಆಮೇಲೆ ನೀನು ಸಂಸಾರ ಬಿಟ್ಟ ಸನ್ಯಾಸಿನಿ, ಲೋಕಕ್ಕೆಲ್ಲ ಮಾತಾಜಿ, ನಮ್ಮ ಮನೆಯ ಮಗಳಲ್ಲ. ಅಲ್ಲಿಯವರೆಗೆ ಹೂವು ಕಳಿಸುತ್ತಿರುತ್ತೇನೆ, ಬಣ್ಣ ಹಾಕಿ ತಿರುಗಿ ಕಳಿಸು. ನನಗೆ ಅಥಣಿಗೆ ಬರಲಾಗಲಿಲ್ಲ. ಮೊಣಕಾಲು ಹಿಡಿದಿದೆ, ಮೇಲೆ ಎಮ್ಮೆ ಈದಿದೆ.

ನಿನ್ನ ಅವ್ವ
ಸೋನಾಬಾಯಿ

•

ಅಥಣಿ
25 ಜುಲೈ 2025

ಅವ್ವನಿಗೆ ಬ್ರಾಹ್ಮಿಯ ಜಯ ಜಿನೇಂದ್ರ.

ದಾಸವಾಳ ತಿರುಗಿ ಬಂದಿದೆ ನೋಡು. ಈ ಸಲವೂ ಗೆರೆ ದಾಟಿದೆ, ಬೈ. ಇಲ್ಲಿ ನನ್ನನ್ನು ಯಾರೂ ಬೈಯುವುದಿಲ್ಲ. ನನಗಿಂತ ದೊಡ್ಡವರೂ ‘ತಾಯಿ’ ಎಂದು ಕೈ ಮುಗಿಯುತ್ತಾರೆ. ದಿನಕ್ಕೆ ಒಂದೇ ಊಟ ಈಗ ರೂಢಿಯಾಗಿದೆ. ಓದು ಹಿಡಿಸಿದೆ. ನಾನೇ ಆರಿಸಿಕೊಂಡ ದಾರಿ, ಯಾರೂ ದಬ್ಬಿದ್ದಲ್ಲ, ಆ ಬಗ್ಗೆ ನೀನು ನಿಶ್ಚಿಂತೆಯಿಂದ ಇರು.

ಆದರೆ ಬಣ್ಣ ಹಾಕುತ್ತ ಕೂತಾಗ ಸಂಘದ ಹಿರಿಯ ಮಾತಾಜಿ ಬಂದು ನೋಡಿದರು. ಹೂವು ಚಂದ ಇದೆ ಎಂದರು. ಆಮೇಲೆ ಮೆಲ್ಲಗೆ, “ಈ ಕುಂಚದಾಗಿನ ಕೂದಲಾ ಯಾರದು, ತಾಯಿ?” ಎಂದು ಕೇಳಿದರು. ಅಳಿಲಿನದು, ಅವ್ವಾ. ಇರುವೆ ಕಂಡರೆ ದಾಟಿ ನಡೆಯುವ ಮನೆಯಲ್ಲಿ ಹುಟ್ಟಿ ಇಷ್ಟು ವರ್ಷ ಅದನ್ನೇ ಹಿಡಿದು ಕೂತಿದ್ದೆ. ಆ ಹೊತ್ತಿಗೇ ಕೆಳಗಿಟ್ಟೆ. ಅದರ ಹಿಡಿಕೆಯ ತುಂಬ ನನ್ನ ಹಲ್ಲಿನ ಗುರುತುಗಳಿವೆ. ಬಟ್ಟೆಯ ಗಂಟಿನಲ್ಲಿ ಕಟ್ಟಿಟ್ಟಿದ್ದೇನೆ.

ಇನ್ನು ಯಾವುದರಿಂದ ಬಣ್ಣ ಹಾಕಲಿ? ನಿನಗೆ ಏನಾದರೂ ಹೊಳೆದರೆ ಬರಿ. ಎಮ್ಮೆ ಈದಿದೆ ಎಂದೆ, ಕರು ಹೆಣ್ಣೋ ಗಂಡೋ ಬರೆಯಲೇ ಇಲ್ಲ.

ಬ್ರಾಹ್ಮಿ

•

ದಿಗ್ಗೇವಾಡಿ
6 ಆಗಸ್ಟ್ 2025

ಬ್ರಾಹ್ಮಿಗೆ ಆಶೀರ್ವಾದ.

ಕರು ಹೆಣ್ಣು.

ಬಸದಿಗೆ ಬತ್ತಿ ಹೊಸೆಯುವ ಕೈ ಮನೆಯಲ್ಲಿರುವಾಗ ಕುಂಚಕ್ಕೆ ಬರವೇ, ಹುಚ್ಚಿ? ತೆಂಗಿನ ಗರಿಯ ಕಡ್ಡಿಗೆ ಹತ್ತಿ ಸುತ್ತಿ, ತುದಿಯನ್ನು ಚೂಪಾಗಿ ಹೊಸೆದು ಕೊಟ್ಟಿದ್ದೇನೆ. ಸಣ್ಣದು, ದೊಡ್ಡದು ಎರಡೂ ಇವೆ. ಅಳಿಲು ತನ್ನ ಪಾಡಿಗೆ ತಾನು ಬೇವಿನ ಮರದಲ್ಲಿರಲಿ. ಹತ್ತಿ ನೀರನ್ನು ಬಹಳ ಕುಡಿಯುತ್ತದೆ, ಆದ್ದರಿಂದ ಎಸಳಿನ ಅಂಚಿನಿಂದ ಶುರು ಮಾಡು, ನಡುವೆ ಬಿಳಿ ಬಿಡು. ಈ ಸಲ ಕುಂಬಳ ಹೂವು ಕಳಿಸಿದ್ದೇನೆ. ನಿನಗೆ ಮೊಟ್ಟಮೊದಲು ಬರೆದುಕೊಟ್ಟದ್ದು ಅದೇ. ದೊಡ್ಡ ಎಸಳು, ಎಂಥ ಅಡ್ನಾಡಿಯೂ ಬಣ್ಣ ತುಂಬಬಹುದು.

ಓಣಿಯ ರುಕ್ಮವ್ವ ಆಯಿ ಬಂದಿದ್ದಳು. “ಸೋನಾ, ನಿನ್ನ ಹೊಟ್ಟಿ ಪಾವನ ಆತ ನೋಡ. ನಮ್ಮ ಹೊಟ್ಟ್ಯಾಗ ಹುಟ್ಟಿದ್ದು ಬರೇ ತಿನ್ನಾಕ ಹುಟ್ಟ್ಯಾವು,” ಎಂದಳು. ಆಮೇಲೆ ಕಾಗವಾಡದ ಕಡೆಯ ಯಾವಳೋ ತಾಯಿಯ ಕಥೆ ತೆಗೆದಳು. ಮಗ ದೀಕ್ಷೆಗೆ ಹೊರಟಾಗ ಬಾಗಿಲಿಗೆ ಅಡ್ಡ ಮಲಗಿ ತಡೆದಳಂತೆ, ಮಗ ಉಳಿದನಂತೆ, ಅದೇ ವರ್ಷ ಹೊಳೆಯ ಪಾಲಾದನಂತೆ. “ಧರ್ಮದ ದಾರಿಗೆ ಅಡ್ಡ ಬಂದ್ರ ಅಂತರಾಯ ಕರ್ಮ ಅಂಟಿಕೋತೈತಿ, ಅದು ಯಾರನ್ನೂ ಬಿಡೂದಿಲ್ಲವಾ,” ಎಂದಳು. ನಾನು ನಕ್ಕು ಚಹಾ ಕುಡಿಸಿ ಕಳಿಸಿದೆ. ನಮಗೇಕೆ ಬೇಕು ಆ ಮಾತು, ನಾವೇನು ಅಡ್ಡ ಮಲಗಿದ್ದೇವೆಯೇ?

ಅವ್ವ

•

ಅಥಣಿ
3 ಸೆಪ್ಟೆಂಬರ್ 2025

ಅವ್ವನಿಗೆ ಜಯ ಜಿನೇಂದ್ರ.

ಪರ್ಯೂಷಣ ನಡೆದಿದೆ, ಆದ್ದರಿಂದ ತಡವಾಯಿತು. ನಿನ್ನ ಹತ್ತಿಯ ಕುಂಚ ಚಂದ ಕೆಲಸ ಮಾಡಿತು. ಎಲ್ಲರೂ ಕೈಯಲ್ಲಿ ಹಿಡಿದು ನೋಡಿದರು, ಮಾತಾಜಿ ನಕ್ಕರು.

ಕುಂಬಳ ಹೂವಿನ ಒಂದೇ ಎಸಳಿಗೆ ಬಣ್ಣ ಹಾಕಿ ಕಳಿಸುತ್ತಿದ್ದೇನೆ. ಕಾರಣ ನೀರು. ಬಟ್ಟೆಯಲ್ಲಿ ಗಾಳಿಸಿದ ನೀರಿಗೆ ಎರಡು ಗಳಿಗೆಯ ಆಯುಷ್ಯ ಎಂದು ನಿನಗೆ ಗೊತ್ತಲ್ಲ, ಆಮೇಲೆ ಅದರಲ್ಲಿ ಮತ್ತೆ ಜೀವ ಹುಟ್ಟುತ್ತದೆ. ಮನೆಯಲ್ಲಿ ಕುಡಿಯುವ ನೀರಿಗೆ ನಿಯಮ ಪಾಲಿಸುತ್ತಿದ್ದೆವು, ಬಣ್ಣದ ಬಟ್ಟಲು ಮಾತ್ರ ಸಂಜೆಯ ತನಕ ಹಾಗೇ ಇರುತ್ತಿತ್ತು. ಈಗ ಹಾಗೆ ಮಾಡಲಾರೆ. ಒಂದು ಎಸಳು ಹಳದಿ ಮಾಡಿ ಅದನ್ನೇ ನೋಡುತ್ತ ಕೂತೆ. ಅಷ್ಟರಲ್ಲಿ ಗಳಿಗೆ ಮುಗಿದಿತ್ತು, ನೀರು ಇಟ್ಟುಕೊಳ್ಳಲಿಲ್ಲ.

ಅಪ್ಪ ಮತ್ತೆ ಬಂದಿದ್ದರು. ಅವರು ಬಂದಾಗಲೆಲ್ಲ ಅವರ ಹಿಂದೆ ನೋಡುತ್ತೇನೆ. ಮೊಣಕಾಲು ಈಗ ಹೇಗಿದೆ?

ಬ್ರಾಹ್ಮಿ

•

ದಿಗ್ಗೇವಾಡಿ
14 ಸೆಪ್ಟೆಂಬರ್ 2025

ಬ್ರಾಹ್ಮಿಗೆ ಆಶೀರ್ವಾದ.

ಒಂದೇ ಎಸಳಿನ ಹಾಳೆ ತಲುಪಿತು. ನಿಮ್ಮಪ್ಪ ಅದನ್ನು ಬಸದಿಗೆ ಒಯ್ದು ಎಲ್ಲರಿಗೂ ತೋರಿಸಿದರು. “ನೋಡ್ರಿ, ನಮ್ಮ ಮಗಳ ಮೋಹ ಹೆಂಗ ಕಳಚಾಕತ್ತೈತಿ! ಐದ ಎಸಳ ಹಾಕಾಕಿ ಒಂದಕ್ಕ ಬಂದಾಳ, ಇನ್ನ ಅದೂ ಹೋಗತೈತಿ,” ಎಂದರು. ಜನ ಕೈ ಮುಗಿದರು. ನನಗೂ ಹಾಗೇ ಅನ್ನಿಸಿತು. ನೀನು ಮುಂದೆ ಹೋಗಿಬಿಟ್ಟಿದ್ದೀ. ಹೂವು ಕಳಿಸಿ ನಿನ್ನನ್ನು ಹಿಂದಕ್ಕೆ ಎಳೆಯುತ್ತಿದ್ದವಳು ನಾನೇ. ಇನ್ನು ಕಳಿಸುವುದಿಲ್ಲ.

ದೀಕ್ಷೆಯ ಆಮಂತ್ರಣ ಅಚ್ಚಾಗಿ ಬಂದಿದೆ. ಕಬ್ಬೂರಿನಲ್ಲಿ ಮಂಟಪವಂತೆ, ದೀಪಾವಳಿ ಮುಗಿದು ಸಂಘ ಅಲ್ಲಿಗೆ ಬಂದ ಮೇಲೆ. ಮೇಲೆ ನಿನ್ನ ಫೋಟೋ, ಕೆಳಗೆ ‘ಧನ್ಯ ಮಾತಾಪಿತರು: ಸೌ. ಸೋನಾಬಾಯಿ, ಶ್ರೀ ಆಬಾಸಾಹೇಬ’ ಎಂದು ಹಾಕಿಸಿದ್ದಾರೆ. ನನ್ನ ಹೆಸರು ಮೊದಲು. ನಿಮ್ಮಪ್ಪ ಜನ್ಮದಲ್ಲಿ ನನ್ನನ್ನು ಮುಂದೆ ಬಿಟ್ಟದ್ದು ಇದೇ ಮೊದಲ ಸಲ!

ನಾನು ಗಟ್ಟಿಯಾಗಿದ್ದೇನೆ. ಅಳುವ ತಾಯಿ ನಾನಲ್ಲ. ನನ್ನ ಚಿಂತೆ ಬಿಟ್ಟು ನೀನು ಓದಿಕೋ.

ಅವ್ವ

•

ಅಥಣಿ
4 ಅಕ್ಟೋಬರ್ 2025

ಅವ್ವಾ,

ಈ ಪತ್ರವನ್ನು ಯಾರ ಮುಂದೆಯೂ ಓದಿಸಿಲ್ಲ. ತಾಯಿಗೆ ಒಂದು ಮಾತು ಕೇಳಬೇಕಾಗಿದೆ ಎಂದು ಮಾತಾಜಿಯವರ ಮುಂದೆ ಹೇಳಿದೆ. “ಕೇಳ, ತಾಯಿ. ಹಡೆದಾಕಿ ಮನಸ್ಸು ಒಪ್ಪಲಾರದ ದೀಕ್ಷಾ ಕೊಡೂದಿಲ್ಲ. ಆಕಿ ತಡಿ ಅಂದ್ರ ತಡಿಯೂಣು,” ಎಂದರು.

ನೀನು ಇನ್ನು ಹೂವು ಕಳಿಸುವುದಿಲ್ಲ ಎಂದೆ. ಅದಕ್ಕೇ ನಾನು ಬರೆದು ಕಳಿಸುತ್ತಿದ್ದೇನೆ. ಜನ್ಮದಲ್ಲಿ ನಾನು ಎಳೆದ ಮೊದಲ ಗೆರೆ ಇದು, ನಗಬೇಡ. ಅದೇ ಕುಂಬಳ ಹೂವು. ನಾನು ಪಾಠ ಬರೆದುಕೊಳ್ಳುವ ಪೆನ್ನಿನಿಂದ ಎಳೆದದ್ದು, ಎಸಳು ಸೊಟ್ಟಗಾಗಿವೆ.

ಈ ಸಲ ಬಣ್ಣ ನೀನು ಹಾಕು. ನನ್ನ ದೀಕ್ಷೆಗೆ ನಿನ್ನ ಮನಸ್ಸು ನಿಜವಾಗಿ ಒಪ್ಪಿದ್ದರೆ ಬಣ್ಣ ತುಂಬಿ ಕಳಿಸು. ಒಪ್ಪಿರದಿದ್ದರೆ ಏನೂ ಬರೆಯಬೇಡ, ಕಾರಣ ಹೇಳಬೇಡ, ಬಿಳಿ ಹೂವನ್ನು ಹಾಗೇ ತಿರುಗಿ ಕಳಿಸು. ನಾನು ನಿಲ್ಲುತ್ತೇನೆ. ಅಪ್ಪನಿಗೆ ನಾನೇ ಹೇಳುತ್ತೇನೆ, ನಿನ್ನ ಹೆಸರು ಬರುವುದಿಲ್ಲ.

ನನ್ನ ಮನಸ್ಸು ಏನೆಂದು ಕೇಳಬೇಡ. ಹೇಳಿದರೆ ನೀನು ಅದಕ್ಕೆ ತಕ್ಕ ಹಾಗೆ ನಡೆಯುತ್ತೀ. ನೀನು ಯಾವಾಗಲೂ ಹಾಗೇ ಮಾಡಿದ್ದೀ.

ಬ್ರಾಹ್ಮಿ

•

ದಿಗ್ಗೇವಾಡಿ
12 ಅಕ್ಟೋಬರ್ 2025

ಮಗಳು ಬ್ರಾಹ್ಮಿಗೆ ಅನೇಕ ಆಶೀರ್ವಾದ.

ಇಗೋ ನಿನ್ನ ಹೂವು, ಬಣ್ಣ ತುಂಬಿದೆ. ಹಳದಿ, ಬುಡದಲ್ಲಿ ಸ್ವಲ್ಪ ಹಸಿರು. ನೀರು ಗಾಳಿಸಿಯೇ ಹಾಕಿದೆ. ನನ್ನ ಮನಸ್ಸು ತುಂಬಿ ಒಪ್ಪಿದೆ. ನಿಶ್ಚಿಂತೆಯಿಂದ ಮುಂದೆ ನಡೆ.

ಅವ್ವ

•

ದಿಗ್ಗೇವಾಡಿ
18 ಅಕ್ಟೋಬರ್ 2025

ಬ್ರಾಹ್ಮಿ, ನನ ಕೂಸ,

ಇದನ್ನ ಯಾರ ಮುಂದೂ ಓದಬ್ಯಾಡ. ಪುಸ್ತಕದ ಕನ್ನಡ ಸಾಕಾತು ನನಗ. ಆ ಕನ್ನಡದಾಗ ಬರೇ ಸುಳ್ಳ ಬರದೀನಿ.

ಎಮ್ಮಿ ಈದಿಲ್ಲ. ಮೊಣಕಾಲಿಗಿ ಏನೂ ಆಗಿಲ್ಲ. “ನಿನ್ನ ಮಾರಿ ಕಂಡ್ರ ಕೂಸಿನ ಮನಸ್ಸ ಹೊಯ್ದಾಡತೈತಿ, ನೀ ಬರಬ್ಯಾಡ,” ಅಂದ್ರು ನಿಮ್ಮಪ್ಪ. ನಾ ಹೂಂ ಅಂದೆ. ಅವರು ಅಥಣಿಗಿ ಹೊಂಟಾಗೊಮ್ಮೆ ಸೀರಿ ಉಟಗೊಂಡ ಕುಂದರತಿದ್ದೆ, ಅವರು ಹ್ವಾದ ಮ್ಯಾಲ ಮತ್ತ ಬಿಚ್ಚಿ ಮಡಚಿ ಇಡತಿದ್ದೆ.

ನಿನ್ನ ಹೂವ ಬಂದ ದಿನಾನ ಅದನ್ನ ಬಿಳೇದ ತಿರುಗಿ ಕಳಸಾಕ ಲಕೋಟಿಗಿ ಹಾಕಿದ್ದೆ. ಖರೇನ. ವಿಳಾಸಾನೂ ಬರದಿದ್ದೆ. ಮರದಿನ ಓಣಿ ಹೆಣ್ಣಮಕ್ಕಳೆಲ್ಲಾ ಬಂದ ನನಗ ಉಡಿ ತುಂಬಿದ್ರು. ರುಕ್ಮವ್ವ ಆಯಿ ನನ್ನ ಕಾಲ ಮುಟ್ಟಿ ನಮಸ್ಕಾರ ಮಾಡಿದಳವಾ, ಅಷ್ಟ ದೊಡ್ಡಾಕಿ! ನನಗ ಆ ಕಾಗವಾಡದ ಹುಡುಗ ನೆನಪಾದ. ನಾ ತಡದ ನಿನಗೇನರ ಆದ್ರ? ಅಂತರಾಯ ನನಗ ಅಂಟಲಿ, ಏಳ ಜನ್ಮ ಅಂಟಲಿ, ಅದಕ್ಕ ನಾ ಅಂಜೂದಿಲ್ಲ. ನಿನಗ ಆದ್ರ? ಅವರು ಹ್ವಾದ ಮ್ಯಾಲ ಲಕೋಟಿ ಹರದೆ. ಹೂವ ತಗದ ಬಣ್ಣ ಹಚ್ಚಾಕ ಕುಂತೆ.

ನಿನ್ನ ಪೆನ್ನಿನ ಶಾಯಿ ನೀರಿಗಿ ನಿಲ್ಲೂದಲ್ಲ, ಹುಚ್ಚಿ. ನನ್ನ ಇಂಡಿಯನ್ ಇಂಕ್ ಅಲ್ಲ ಅದು. ಹತ್ತಿ ತಾಗಿದ್ದ ತಡ, ನೀ ಎಳದ ಗೆರಿ ಎಲ್ಲಾ ಹರಕೊಂಡ ಹೋತು. ಹಾಳಿ ತುಂಬ ನೀಲಿ ಆತು. ಎಸಳ ಎಲ್ಲಿ, ಎಲಿ ಎಲ್ಲಿ ತಿಳೀಲಿಲ್ಲ. ನಾ ಅದನ್ನ ನೋಡಕೋತ ಕುಂತೆ, ಒಲಿ ಮ್ಯಾಲಿನ ಹಾಲ ಉಕ್ಕಿ ಹೋತು. ಆಮ್ಯಾಲ ಬ್ಯಾರೆ ಹಾಳಿ ತಗೊಂಡ ನಿನ್ನ ಹೂವ ಹೆಂಗಿತ್ತೋ ಹಂಗ, ಸೊಟ್ಟ ಎಸಳ ಸೊಟ್ಟನ, ನಾನ ಬರದೆ. ಬರದ ಬಣ್ಣ ತುಂಬಿದೆ. ನಿನಗ ಕಳಿಸಿದ್ದ ಅದು. ಅದು ನಿನ್ನ ಹೂವಲ್ಲ, ಆ ಬಣ್ಣ ನನ್ನ ಮನಸ್ಸಲ್ಲ.

ನನ್ನ ಮನಸ್ಸ ಒಪ್ಪಿಲ್ಲ. ಒಪ್ಪೂದೂ ಇಲ್ಲ. ನೀ ಮನಿಗಿ ಬಾ. ಲಗ್ನ ಬ್ಯಾಡ ಅಂದ್ರ ಬ್ಯಾಡ, ಒಂದ ಊಟ ಅಂದ್ರ ಒಂದ ಊಟ, ನೀರ ನಾ ಗಾಳಿಸಿ ಕೊಡತೀನಿ. ಕಣ್ಣ ಮುಂದ ಇರು ಸಾಕು.

ಫೋನಿನ್ಯಾಗ ಹೇಳೂಣಂದ್ರ ಆ ಫೋನು ಸಂಘದ ಯಜಮಾನರ ಕೈಯಾಗ, ಸುತ್ತ ಹತ್ತ ಮಂದಿ. ಅದಕ್ಕ ಬರದೀನಿ. ಇದನ್ನ ಓದಿನೂ ನಿನಗ ಹೋಗೂದ ಅನ್ನಿಸಿದ್ರ ನಾ ಮತ್ತ ಕೇಳೂದಿಲ್ಲ. ಕಬ್ಬೂರ ಮಂಟಪದಾಗ ನೀ ನನ್ನ ಮುಂದ ಬಂದ ಕೈ ಮುಗದ್ರ, ಇದು ನಿನ್ನ ಸ್ವಂತ ಇಚ್ಛಾ ಅಂತ ತಿಳಕೋತೀನಿ. ಅವತ್ತ ಹಡದವರ ಒಪ್ಪಿಗಿ ಕೇಳಿದಾಗ ಮೈಕಿನ್ಯಾಗ ಸಮ್ಮತಿ ಐತಿ ಅಂತ ಹೇಳತೀನಿ. ಕೈ ಮುಗೀಲಿಲ್ಲಂದ್ರ, ಅಷ್ಟೂ ಮಂದಿ ಮುಂದ ನಿನ್ನ ಕೈ ಹಿಡಕೊಂಡ ಮನಿಗಿ ಕರಕೊಂಡ ಬರತೀನಿ. ಯಾರ ಏನ ಅಂತಾರ ಅನ್ನಲಿ.

ನಿನ್ನ ಅವ್ವ

•

ಕಬ್ಬೂರ
9 ನವೆಂಬರ್ 2025

ಅವ್ವಾ,

ನಾಳೆ ದೀಕ್ಷೆ. ಇದನ್ನು ನಾಳೆ ಬೆಳಿಗ್ಗೆ ಟಪಾಲಿಗೆ ಹಾಕಲು ಕೊಡುತ್ತೇನೆ. ನಿನ್ನ ಕೈ ಸೇರುವಷ್ಟರಲ್ಲಿ ನನಗೆ ಬೇರೆ ಹೆಸರು ಇರುತ್ತದೆ. ಇನ್ನು ಮೇಲೆ ನಾನು ಕಾಗದ ಬರೆಯುವುದಿಲ್ಲ.

ವ್ರತ ಹಿಡಿಯುವವರ ಎದೆಯಲ್ಲಿ ಶಲ್ಯ ಇರಬಾರದು, ಒಂದು ಮುಳ್ಳೂ ಉಳಿಯಬಾರದು ಎಂದು ಕಲಿಸಿದ್ದಾರೆ. ನನ್ನಲ್ಲಿ ಒಂದಿದೆ. ಅದನ್ನು ಕಿತ್ತು ಹಾಕಲೆಂದೇ ಬರೆಯುತ್ತಿದ್ದೇನೆ, ನಿನ್ನನ್ನು ನೋಯಿಸಲು ಅಲ್ಲ.

ಹೂವು ಬಿಳಿಯಾಗಿಯೇ ಬರಲಿ ಎಂದು ನಾನು ಕಾದಿದ್ದೆ, ಅವ್ವಾ. ಬೇಸಿಗೆಯಿಂದಲೇ ನನ್ನ ಮನಸ್ಸು ಅಲುಗಾಡಿತ್ತು. ಆ ಒಂದು ಹಳದಿ ಎಸಳು ನೋಡುತ್ತ ಕೂತ ದಿನ ನಾನು ಮನೆಗೆ ಓಡಿ ಬರಬೇಕೆಂದು ಎದ್ದು ನಿಂತಿದ್ದೆ. ಆದರೆ ಅಪ್ಪ ಊರಿಗೆಲ್ಲ ಹೇಳಿಬಿಟ್ಟಿದ್ದರು, ನೀನು ‘ನಾನು ಗಟ್ಟಿಯಾಗಿದ್ದೇನೆ’ ಎಂದು ಬರೆದೆ. ಒಲ್ಲೆ ಎನ್ನುವ ಧೈರ್ಯ ನನಗಿರಲಿಲ್ಲ. ನೀನು ಒಲ್ಲೆ ಎಂದರೆ ಸಾಕಾಗಿತ್ತು.

ಲಕೋಟೆ ಒಡೆದಾಗ ಹಳದಿ ಕಂಡಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಹನಿಯಾದರೂ ಗೆರೆ ದಾಟಿದೆಯೋ ಎಂದು ಹುಡುಕಿದೆ. ಎಲ್ಲೂ ಇಲ್ಲ. ಗೆರೆಯೂ ನನ್ನದಲ್ಲ, ನಿನ್ನದು. ನಿನ್ನ ಗೆರೆ ನನಗೆ ಗೊತ್ತಾಗುವುದಿಲ್ಲವೇ? ನನ್ನದು ಸೊಟ್ಟಗಿತ್ತೆಂದು ಹೊಸದಾಗಿ ಬರೆದು, ನೀಟಾಗಿ ಬಣ್ಣ ತುಂಬಿ, ಅಷ್ಟು ಮುತುವರ್ಜಿಯಿಂದ ನನ್ನನ್ನು ಕಳಿಸಿಕೊಡುತ್ತಿದ್ದೀ ಎಂದು ತಿಳಿಯಿತು. ಆದರೂ ಇನ್ನೊಂದು ಮಾತು ಬಂದೀತೇ ಎಂದು ಟಪಾಲು ಕಾದೆ. ದೀಪಾವಳಿಯ ಮರುದಿನ ನಾವು ಅಥಣಿಯಿಂದ ನಡೆದು ಹೊರಟೆವು. ನಿನ್ನಿಂದ ಏನೂ ಬರಲಿಲ್ಲ.

ಇವತ್ತು ನೀನು ನನ್ನ ಕೈಗೆ ಕೊನೆಯ ಸಲ ಬಳೆ ತೊಡಿಸುವಾಗ ಸುತ್ತ ಎಷ್ಟು ಜನ! ನನ್ನ ಮುಖವನ್ನೇ ನೋಡುತ್ತಿದ್ದೆ ನೀನು. ನಾನೂ ನೋಡಿದೆ. ಒಂದು ಬಳೆಯೂ ಒಡೆಯದ ಹಾಗೆ ತೊಡಿಸಿದೆ. ನೀನು ನನಗಿಂತ ಗಟ್ಟಿ, ಅವ್ವಾ.

ಮುಳ್ಳು ತೆಗೆದಿಟ್ಟೆ. ನಾಳೆ ನಿನ್ನ ಮುಂದೆ ಬಂದು ಕೈ ಮುಗಿಯುತ್ತೇನೆ. ಅಷ್ಟು ಚಂದ ಬಣ್ಣ ಹಾಕಿ ಕೊಟ್ಟವಳಿಗೆ ಕೈ ಮುಗಿಯದೆ ಹೇಗೆ ಹೋಗಲಿ?

ಬ್ರಾಹ್ಮಿ

•

ದಿಗ್ಗೇವಾಡಿ
24 ನವೆಂಬರ್ 2025

ಪೂಜ್ಯ ಮಾತಾಜಿಯವರ ಚರಣಗಳಿಗೆ ವಂದಾಮಿ.

ತಮ್ಮ ಹೊಸ ಹೆಸರು ಬರೆಯಲು ಕೈ ಇನ್ನೂ ಪಳಗಿಲ್ಲ. ತಪ್ಪಾದೀತೆಂದು ಮಾತಾಜಿ ಎಂದಷ್ಟೇ ಬರೆದಿದ್ದೇನೆ. ಇದನ್ನು ಎಲ್ಲರ ಮುಂದೆ ಓದಿಸಬಹುದು.

ನಾವೆಲ್ಲ ಕ್ಷೇಮ. ತಾವು ಉಂಡಿರಾ ಎಂದು ಕೇಳಬಾರದಂತೆ, ಆಹಾರ ನಿರಂತರಾಯವಾಗಿ ನಡೆಯಿತೇ ಎಂದು ಕೇಳಬೇಕಂತೆ. ನಡೆಯಿತೇ? ಕೂದಲು ಕಿತ್ತ ತಲೆಗೆ ಚಳಿ ಹತ್ತುತ್ತದೆ, ಈ ವರ್ಷ ಚಳಿ ಬೇಗ ಬಿದ್ದಿದೆ.

ದೀಕ್ಷೆಯ ಹಿಂದಿನ ದಿನ ತಾವು ಬರೆದದ್ದು ತಲುಪಿತು. ಗೆರೆ ಯಾರದೆಂದು ತಾವು ಸರಿಯಾಗಿ ಗುರುತಿಸಿದಿರಿ, ನನ್ನದೇ. ತಾವು ತಿಳಿದ ಹಾಗೆಯೇ, ಹೂವು ಸೊಟ್ಟಗಿತ್ತು, ಚಂದ ಕಾಣಲಿ ಎಂದು ಹೊಸದಾಗಿ ಬರೆದೆ. ಬೇರೆ ಕಾರಣವಿಲ್ಲ. ಮಂಟಪದಲ್ಲಿ ತಾವು ನನ್ನ ಮುಂದೆ ಬಂದು ಕೈ ಮುಗಿದಿರಿ. ನಾನು ಮೈಕಿನಲ್ಲಿ “ಸಮ್ಮತಿ ಐತ್ರಿ” ಎಂದೆ. ನನ್ನ ಧ್ವನಿ ಎಲ್ಲರಿಗಿಂತ ಸ್ಪಷ್ಟವಾಗಿ ಕೇಳಿತು ಎಂದು ರುಕ್ಮವ್ವ ಆಯಿ ಈಗಲೂ ಹೊಗಳುತ್ತಾಳೆ.

ಟಪಾಲಿನ ಸತ್ತೆಪ್ಪ ಮೊನ್ನೆ ಒಂದು ಲಕೋಟೆ ತಿರುಗಿ ತಂದುಕೊಟ್ಟ. ದೀಪಾವಳಿಗೆ ಮುಂಚೆ ನಾನು ಅಥಣಿಗೆ ಹಾಕಿದ್ದು. ಹಬ್ಬದ ಸೂಟಿಯಲ್ಲಿ ಟಪಾಲು ನಿಂತು, ಅದು ಹೋಗುವಷ್ಟರಲ್ಲಿ ಸಂಘ ಹೊರಟುಹೋಗಿತ್ತಂತೆ. “ಒಡದೇ ಇಲ್ಲ ನೋಡವಾ, ಹೆಂಗ ಹಾಕಿದ್ದೀ ಹಂಗ ಐತಿ,” ಎಂದ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಎಮ್ಮೆಯ ಸುದ್ದಿ, ಮನೆಯ ಸುದ್ದಿ. ಒಲೆಗೆ ಹಾಕಿದೆ.

ತಾವು ಕಿತ್ತಿಟ್ಟ ಮುಳ್ಳಿನ ಚಿಂತೆ ಬೇಡ. ಅದು ಇಲ್ಲಿಗೆ ಬಂದು ಸೇರಿದೆ, ಇಲ್ಲಿಯೇ ಇರುತ್ತದೆ, ತಿರುಗಿ ಬರುವುದಿಲ್ಲ. ತಾವು ಹಿಂದೆ ನೋಡದೆ ನಡೆಯಿರಿ.

ತಮ್ಮ ಬಟ್ಟೆಯ ಗಂಟು ಮನೆಗೆ ಬಂತು. ಒಳಗೆ ಹಳೆಯ ಕುಂಚ ಇತ್ತು. ಹಿಡಿಕೆಯ ಮೇಲೆ ಹಲ್ಲಿನ ಗುರುತು ಹಾಗೇ ಇವೆ. ಸಣ್ಣವಳಿದ್ದಾಗ ಎಷ್ಟ ಬೈದ್ರೂ ನೀ ಅದನ್ನ ಕಚ್ಚೂದ ಬಿಡಲಿಲ್ಲ ನೋಡ. ತಪ್ಪಾಯಿತು, ತಾವು ಬಿಡಲಿಲ್ಲ. ಅದನ್ನು ಯಾರಿಗಾದರೂ ಕೊಟ್ಟುಬಿಡು ಎಂದು ನಿಮ್ಮಪ್ಪ, ಅಂದರೆ ನಮ್ಮ ಮನೆಯವರು, ಹೇಳಿದ್ದಾರೆ. ಕೊಡುತ್ತೇನೆ.

ಬರುವ ಭಾನುವಾರ ಊರವರೆಲ್ಲ ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ತಮ್ಮ ದರ್ಶನಕ್ಕೆ ಬರುತ್ತಿದ್ದಾರೆ. ಈಗ ನಾನು ಬರಲು ಯಾರ ಅಡ್ಡಿಯೂ ಇಲ್ಲ. ಸಾಲಿನಲ್ಲಿ ನಿಂತು ವಂದಾಮಿ ಎನ್ನುತ್ತೇನೆ. ಎಲ್ಲರಿಗೂ ಮಾಡುವ ಹಾಗೆ ನನಗೂ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಬೇಕು.

ಈ ಸಲ ಹೂವು ಇಟ್ಟಿಲ್ಲ.

ಶ್ರಾವಿಕೆ
ಸೋನಾಬಾಯಿ